ಗೇಟಮ್ಮ ಮುಚ್ಚಗೊಡದ ಡಿಸ್ಕುಗಳು

ಗೇಟಮ್ಮನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಬಟ್ಟೆ ಹೊಲಿಯುವ ಕಾರ್ಖಾನೆಯ ಹೆಂಗಸರ ಗೇಟಿನಲ್ಲಿ ನಿಂತು, ಪಾಳಿ ಮುಗಿಸಿ ಹೊರಡುವವರ ಚೀಲಗಳನ್ನು ತಡಕುವುದು ಅವಳ ಉದ್ಯೋಗವಾಗಿತ್ತು. ಮದುವೆಯಾದ ವರ್ಷ ಹಿಡಿದ ಕೆಲಸವನ್ನು ಕೊನೆಗೆ ಮೊಣಕಾಲು ನೋವು ಬಿಡಿಸಿತೇ ಹೊರತು ಯಾವ ಮ್ಯಾನೇಜರನಿಂದಲೂ ಬಿಡಿಸಲು ಆಗಿರಲಿಲ್ಲ. ಊಟದ ಡಬ್ಬಿಯ ತಳದಲ್ಲಿ ಗುಂಡಿ, ಛತ್ರಿಯ ಮಡಿಕೆಯಲ್ಲಿ ಲೇಸು, ಕೂದಲ ಗಂಟಿನೊಳಗೆ ದಾರದ ಉಂಡೆ, ಹೀಗೆ ಅವಳ ಬೆರಳಿಗೆ ಸಿಗದೆ ದಾಟಿ ಹೋದದ್ದು ಕಡಿಮೆ. ಗೇಟಮ್ಮನ ಮುಂದೆ ತಿಂದದ್ದಕ್ಕೂ ಲೆಕ್ಕ ಕೊಡಬೇಕು ಎಂದು ಹೊಲಿಗೆಯ ಹೆಂಗಸರು ಬೆನ್ನ ಹಿಂದೆ ನಗುತ್ತಿದ್ದರು. ಬೆನ್ನ ಹಿಂದೆ ಯಾರು ನಗುತ್ತಾರೆಂಬುದೂ ಅವಳಿಗೆ ಗೊತ್ತಿತ್ತು.

ಗೇಟಿನ ತರ್ಕ ಸರಳವಾದದ್ದು. ಖಾಲಿ ಬಂದ ಚೀಲ ತುಂಬಿಕೊಂಡು ಹೋದರೆ ಕಳ್ಳತನ, ತುಂಬಿ ಬಂದದ್ದು ಖಾಲಿ ಹೋದರೆ ಊಟವಾಗಿದೆ. ಇಷ್ಟರಲ್ಲೇ ಅವಳು ಸಂಸಾರವನ್ನೂ ನಡೆಸುತ್ತಿದ್ದಳು. ಸಂಜೆ ಗೇಟು ಹಾಕಿದ ಮೇಲೆ ಅವಳ ಅನುಮಾನಕ್ಕೆ ರಜೆ ಇರಲಿಲ್ಲ. ಅದೂ ಅವಳ ಜೊತೆಗೇ ಬಸ್ಸು ಹತ್ತಿ ಮನೆಗೆ ಬರುತ್ತಿತ್ತು. ಹಾಲಿನವನು ನೊರೆ ಅಳೆಯುತ್ತಾನೆ, ದರ್ಜಿ ತುಂಡು ಉಳಿಸಿಕೊಳ್ಳುತ್ತಾನೆ, ಮೇಲಿನ ಮನೆಯವಳು ಬೇಕೆಂದೇ ಕುರ್ಚಿ ಎಳೆಯುತ್ತಾಳೆ. ಮನೆಯ ಪ್ರತಿ ವಸ್ತುವಿನ ತಳಕ್ಕೂ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಟ್ಟಿದ್ದಳು, ಯಾರಾದರೂ ಅದಲು ಬದಲು ಮಾಡಿದರೆ ತಿಳಿಯಲೆಂದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಇವಳಿಗೆ ಕಾಣದ್ದೂ ಹಳದಿಯೇ.

ಇಂಥವಳಿಗೆ ಸಿಕ್ಕ ಗಂಡ ಶಾಲೆಯ ವ್ಯಾನು ಓಡಿಸುವವನು. ದಿನವಿಡೀ ಮಕ್ಕಳ ಗದ್ದಲದಲ್ಲಿದ್ದು ಮನೆಗೆ ಬಂದರೆ ಅವನಿಗೆ ಮಾತೇ ಬೇಡವಾಗುತ್ತಿತ್ತು. ಹೆಂಡತಿ ಜೇಬು ತಡಕಿದರೆ ಕೈ ಎತ್ತಿಕೊಂಡು ನಿಲ್ಲುತ್ತಿದ್ದ. ಅವನಿಗಿದ್ದದ್ದು ಒಂದೇ ಚಟ, ಮನೆಯಲ್ಲಿ ವಿಡಿಯೋ ನೋಡುವ ಯಂತ್ರಗಳದ್ದು. ಪೇಟೆಗೆ ಹೊಸದೊಂದು ಬಂತೆಂದರೆ ವ್ಯಾನನ್ನು ಅದನ್ನು ಮಾರುವ ಅಂಗಡಿಯ ಬೀದಿಯಲ್ಲೇ ಸುತ್ತಿಸಿಕೊಂಡು ಬರುತ್ತಿದ್ದ.

ಮೊದಲು ಬಂದದ್ದು ಇಟ್ಟಿಗೆಯಂಥ ಕ್ಯಾಸೆಟ್ಟು ನುಂಗುವ ಪೆಟ್ಟಿಗೆ. ಟೇಪು ಸುತ್ತಿ ಸುತ್ತಿ ಸವೆಯುತ್ತದೆ, ಸವೆದಷ್ಟೂ ಕಥೆ ಕಡಿಮೆಯಾಗುತ್ತದೆ ಎಂದು ಗೇಟಮ್ಮ ಅದನ್ನು ಲೆಕ್ಕವಿಟ್ಟು ನೋಡಗೊಡುತ್ತಿದ್ದಳು. ಆಮೇಲೆ ಡಿಸ್ಕು ಬಂತು. ಆಗ ಒಂದು ಸಿನಿಮಾಕ್ಕೆ ಎರಡು ಡಿಸ್ಕು. ಅರ್ಧಕ್ಕೆ ನಿಂತರೆ ಎದ್ದು ಹೋಗಿ ಇನ್ನೊಂದನ್ನು ಹಾಕಬೇಕು. ಒಂದನ್ನು ಎರಡು ಮಾಡಿ ಮಾರಿದ್ದಾರೆ ಎಂದು ಅವಳು ಮೂಗು ಮುರಿದಳು. ಅವಳು ಮೂಗು ಮುರಿದು ಮುಗಿಸುವಷ್ಟರಲ್ಲಿ ಇಡೀ ಸಿನಿಮಾವನ್ನು ಒಂದರಲ್ಲೇ ಹಿಡಿಸುವ ಹೊಸ ಡಿಸ್ಕು ಬಂತು, ಅದಕ್ಕೆ ಬೇರೆಯೇ ಪ್ಲೇಯರು.

"ಹಾಗಾದ್ರೆ ಮೊದಲು ಯಾಕೆ ಎರಡು ಕೊಟ್ರು? ಒಂದ್ರಲ್ಲಿ ಹಿಡಿಸೋಕೆ ಬರುತ್ತೆ ಅಂತ ಅವರಿಗೆ ಗೊತ್ತಿರಲಿಲ್ವಾ?" ಎಂದಳು ಗೇಟಮ್ಮ.

ಗಂಡ ತಲೆ ಕೆರೆದುಕೊಂಡ. ಈ ಪ್ರಶ್ನೆಗೆ ಆ ಅಂಗಡಿಯವನ ಬಳಿಯೂ ಉತ್ತರವಿರಲಿಲ್ಲ. ಅನುಮಾನದವರದ್ದು ಇದೊಂದು ತೊಂದರೆ. ಹತ್ತರಲ್ಲಿ ಒಂದು ಸಲ ಅವರು ಸರಿಯಾಗಿಯೇ ಇರುತ್ತಾರೆ, ಆ ಒಂದರ ಬಲದ ಮೇಲೆ ಉಳಿದ ಒಂಬತ್ತನ್ನೂ ಸಾಧಿಸುತ್ತಾರೆ.

ಕೊನೆಗೆ ಅವನು ತಂದದ್ದು ಡಿಸ್ಕಿನ ಮೇಲೆ ಬರೆಯುವ ಯಂತ್ರ. ಜೊತೆಗೊಂದು ಕೈಕ್ಯಾಮೆರಾ. ರಜೆಯ ದಿನ ಮನೆಯನ್ನು ಚಿತ್ರಿಸುವುದು, ಸಂಜೆ ಕೇಬಲ್ಲು ಸಿಕ್ಕಿಸಿ ಅದನ್ನು ಡಿಸ್ಕಿಗಿಳಿಸುವುದು, ಡಿಸ್ಕಿನ ಮೇಲೆ ಪೆನ್ನಿನಿಂದ ಒಂದೋ ಎರಡೋ ಪದ ಬರೆದಿಡುವುದು. ಆ ಯಂತ್ರದಲ್ಲಿ ಒಂದು ವಿಶೇಷವಿತ್ತು. ಬರೆದದ್ದಾದ ಮೇಲೆ ಅದು ಟೀವಿಯ ಮೇಲೆ ಕೇಳುತ್ತಿತ್ತು: ಈ ಡಿಸ್ಕನ್ನು ಮುಚ್ಚಲೇ? ಮುಚ್ಚಿದ ಮೇಲೆ ಇದರಲ್ಲಿ ಇನ್ನೇನನ್ನೂ ಸೇರಿಸಲು ಬರುವುದಿಲ್ಲ.

"ಮುಚ್ಚಿದರೆ ಬೇರೆ ಪ್ಲೇಯರಲ್ಲೂ ಓಡುತ್ತೆ," ಎಂದ ಗಂಡ, ರಿಮೋಟು ಹಿಡಿದು.

"ಬೇಡ! ಇನ್ನೂ ಅರ್ಧ ಜಾಗ ಖಾಲಿ ಇದೆ. ಖಾಲಿ ಇರೋದನ್ನ ಮುಚ್ಚು ಅಂತ ಕೇಳ್ತಿದೆ ಅಂದ್ರೆ ಇನ್ನೊಂದು ಡಿಸ್ಕು ಕೊಳ್ಳಲಿ ಅಂತ ತಾನೇ? ಅಲ್ಲದೆ ಬೇರೆ ಪ್ಲೇಯರಲ್ಲಿ ಯಾಕೆ ಓಡಬೇಕು? ನಮ್ಮ ಮನೇದು ನಮ್ಮ ಮನೇಲೇ ಓಡಲಿ."

ಹೀಗೆ ಒಂದನ್ನೂ ಮುಚ್ಚಲಿಲ್ಲ. ಡಿಸ್ಕುಗಳನ್ನು ಗೇಟಮ್ಮ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಆಗಾಗ ತೆಗೆದು ಎಣಿಸುತ್ತಿದ್ದಳು, ನೋಡುತ್ತಿದ್ದದ್ದು ಮಾತ್ರ ಅಪರೂಪ. ಇದ್ದಲ್ಲಿ ಇವೆ ಎಂದು ಗೊತ್ತಾದರೆ ಅವಳಿಗೆ ನೋಡಿದಷ್ಟೇ ತೃಪ್ತಿ.

ಗಂಡ ಹೃದಯದ ಕಾಯಿಲೆಯಿಂದ ತೀರಿಕೊಂಡ. ಕ್ಯಾಮೆರಾ ಸದಾ ಅವನ ಕೈಯಲ್ಲೇ ಇದ್ದದ್ದರಿಂದ ಆ ಡಿಸ್ಕುಗಳಲ್ಲಿ ಎಲ್ಲಿಯೂ ಅವನ ಮುಖವಿಲ್ಲ. ಕೆಮ್ಮು ಇತ್ತು, "ಇಲ್ಲಿ ನೋಡಿ" ಎನ್ನುವ ದನಿ ಇತ್ತು, ನಡೆಯುವಾಗ ಅಲುಗುವ ಚಿತ್ರದಲ್ಲಿ ಅವನ ಹೆಜ್ಜೆ ಇತ್ತು. ಅಷ್ಟಕ್ಕೇ ಆ ಡಿಸ್ಕುಗಳು ಮನೆಯ ಆಸ್ತಿಯಾದವು.

ಅಷ್ಟರಲ್ಲಿ ಹೊರಗೆ ಕಾಲ ಬದಲಾಗಿತ್ತು. ಬೀದಿಯ ಡಿಸ್ಕಿನ ಅಂಗಡಿ ಮೊದಲು ಅರ್ಧ ಫೋನಿನ ಅಂಗಡಿಯಾಯಿತು, ಆಮೇಲೆ ಪೂರ್ತಿಯಾಯಿತು. ಸಿನಿಮಾಗಳು ಹೆಬ್ಬೆರಳಿನಷ್ಟು ಪೆನ್‌ಡ್ರೈವಿನಲ್ಲಿ ಬರತೊಡಗಿದವು. ಈ ಪೆನ್‌ಡ್ರೈವಿನ ಮೇಲೆ ಗೇಟಮ್ಮನಿಗೆ ಹಳೆಯ ಹಗೆಯಿತ್ತು. ಅವಳು ಗೇಟಿನಲ್ಲಿದ್ದ ಕೊನೆಯ ವರ್ಷ ಕಾರ್ಖಾನೆಯ ಹೊಸ ವಿನ್ಯಾಸಗಳೆಲ್ಲ ಅಂಥದ್ದೊಂದರಲ್ಲಿ ಕಳುವಾಗಿ ಹೋಗಿದ್ದವು, ಅದೂ ಅವಳೇ ತಡಕಿ, ಹೋಗು ಎಂದು ಕಳಿಸಿದ ಚೀಲದಲ್ಲಿ. ಇಷ್ಟು ವರ್ಷ ಗುಂಡಿ ಹಿಡಿದವಳ ಕೈಕೆಳಗೇ ಗೋದಾಮು ದಾಟಿ ಹೋದ ಹಾಗಾಯಿತು. ಅಂದಿನಿಂದ ಚಿಕ್ಕದರಲ್ಲಿ ದೊಡ್ಡದು ಹಿಡಿಸುತ್ತದೆ ಎಂದರೆ ಅವಳಿಗೆ ಎದೆ ಧಸಕ್ಕೆನ್ನುತ್ತಿತ್ತು.

ಪೆನ್‌ಡ್ರೈವಿನ ಕಾಲವೂ ಮುಗಿಯಿತು. ಟಯರು ಅಂಗಡಿಯಲ್ಲಿ ಕೆಲಸ ಮಾಡುವ ಮಗ ಗೋಡೆಗೆ ಅಂಟಿಕೊಳ್ಳುವ ಟೀವಿ ತಂದ, ಅದಕ್ಕೆ ಸೋಪಿನ ಪೆಟ್ಟಿಗೆಯಷ್ಟು ಚಿಕ್ಕ ಡಬ್ಬಿ. ಡಿಸ್ಕಿಲ್ಲ, ಟೇಪಿಲ್ಲ, ಹಾಕುವುದೂ ಇಲ್ಲ ತೆಗೆಯುವುದೂ ಇಲ್ಲ. ಒತ್ತಿದರೆ ಗಾಳಿಯಿಂದ ಸಿನಿಮಾ ಬರುತ್ತದೆ.

"ಕೈಗೆ ಸಿಗದ್ದು ನಮ್ಮದು ಹೆಂಗಾಗುತ್ತೆ? ನಾಳೆ ಅವರು ಕೊಡಲ್ಲ ಅಂದ್ರೆ?" ಎಂದಳು ಗೇಟಮ್ಮ.

"ಕೊಡಲ್ಲ ಅಂದ್ರೆ ಇಲ್ಲ ಅಮ್ಮ," ಎಂದ ಮಗ. ಅವನು ಅಪ್ಪನ ಹಾಗೆ. ಉತ್ತರ ಗೊತ್ತಿಲ್ಲದಿದ್ದರೆ ಒಪ್ಪಿಕೊಂಡುಬಿಡುತ್ತಾನೆ.

ಹೊಸ ಟೀವಿಗೆ ಹಳೆಯದೇನಾದರೂ ಕೊಟ್ಟರೆ ರಿಯಾಯಿತಿ ಎಂದು ಅಂಗಡಿಯವರು ಹೇಳಿದ್ದರು. ಟ್ರೇ ಸಿಕ್ಕಿಕೊಂಡು ತಿಂಗಳುಗಟ್ಟಲೆ ಹೊರಗೆ ಬಾರದಿದ್ದ ಬರೆಯುವ ಯಂತ್ರವನ್ನು ಸೊಸೆ ಕೊಟ್ಟು ಕಳಿಸಿದಳು. ವಿಮಾ ಕಚೇರಿಯಲ್ಲಿ ಕೆಲಸ ಮಾಡುವ, ಮಾತು ಕಡಿಮೆಯ ಹೆಂಗಸು ಅವಳು. ಡಿಸ್ಕು ಯಾವುದರಲ್ಲಾದರೂ ಓಡುತ್ತದೆ ಎಂದೇ ಅವಳು ತಿಳಿದದ್ದು, ಲೋಕವೆಲ್ಲ ಹಾಗೇ ತಿಳಿದಿದೆ. ನಂತರ ಅತ್ತೆಯ ಬಳಿ ಬಂದು ಬೀಗದ ಕೈ ಕೇಳಿದಳು.

"ಡಿಸ್ಕುಗಳನ್ನ ಎರಡು ದಿನ ಕೊಡಿ ಅತ್ತೆ. ನಮ್ಮ ಆಫೀಸಲ್ಲಿ ಒಬ್ಬರು ಹೊಸ ಟೀವೀಲಿ ನೋಡೋ ಹಾಗೆ ಮಾಡಿಕೊಡ್ತಾರೆ. ಹಳೇದಾದಷ್ಟೂ ಕೆಡುತ್ತೆ."

ಗೇಟಮ್ಮ ಒಂದಿಡೀ ಸಂಜೆ ಯೋಚಿಸಿ ಕೊಟ್ಟಳು. ಮೊಮ್ಮಗಳು "ತಾತನ ಕೆಮ್ಮು ಟೀವೀಲಿ ಕೇಳೋಣ" ಎಂದು ಹಟ ಹಿಡಿಯದಿದ್ದರೆ ಕೊಡುತ್ತಿರಲಿಲ್ಲ.

ಎರಡು ದಿನ ಬಿಟ್ಟು ಸೊಸೆ ಬಂದದ್ದು ಬಾಡಿದ ಮುಖ ಹೊತ್ತು. "ಅದರಲ್ಲಿ ಏನೂ ಇಲ್ವಂತೆ ಅತ್ತೆ. ಎಲ್ಲಾ ಖಾಲಿ ಅಂತ ತೋರಿಸ್ತಿದೆ. ಮೂರು ಕಂಪ್ಯೂಟರಲ್ಲಿ ಹಾಕಿ ನೋಡಿದ್ವಿ."

ಗೇಟಮ್ಮ ಚೀಲ ತೆಗೆದುಕೊಂಡಳು, ಡಿಸ್ಕುಗಳನ್ನು ಒಂದೊಂದಾಗಿ ತಿರುಗಿಸಿ ನಡುವಿನ ತೂತಿನ ಬಳಿಯ ಕೆಂಪು ಚುಕ್ಕೆ ನೋಡಿದಳು. ಎಲ್ಲವೂ ಇದ್ದವು. ಡಿಸ್ಕು ಅದೇ, ಒಳಗಿನದು ಇಲ್ಲ. ಅವಳ ತಲೆಯಲ್ಲಿ ಹಳೆಯ ಗೇಟು ಧಡ್ಡೆಂದು ಹಾಕಿಕೊಂಡಿತು.

"ತುಂಬಿದ್ದು ತಗೊಂಡು ಹೋದೆ. ಖಾಲಿ ತಂದೆ," ಎಂದಳು. "ಯಂತ್ರ ಮೊದಲೇ ಸಾಗಿಸಿದೆ, ಸಾಕ್ಷಿ ಇರಬಾರದು ಅಂತ. ಆಮೇಲೆ ಇದನ್ನ ಒರೆಸಿದೆ."

"ನಾನ್ಯಾಕೆ ಒರೆಸ್ಲಿ ಅತ್ತೆ?"

"ಈ ಮನೆಗೆ ನಿನಗಿಂತ ಮುಂಚೆ ಯಜಮಾನರಿದ್ರು ಅನ್ನೋದು ನಿನಗೆ ಬೇಡ. ಅದಕ್ಕೆ."

ಮಗ ನಡುವೆ ಬಂದ, ಎಂದಿನಂತೆ ಇಬ್ಬರಿಗೂ ಹೌದೆಂದು ಇಬ್ಬರಿಂದಲೂ ಬೈಸಿಕೊಂಡ. ಸೊಸೆ ಅಂದು ಅಡುಗೆಮನೆಯಿಂದ ಹೊರಬರುವಾಗ ಹೇಳಿದ್ದು ಇಷ್ಟೇ: "ನನ್ನನ್ನ ಏನು ಬೇಕಾದ್ರೂ ಅಂದಿದ್ದೀರಿ, ನುಂಗಿಕೊಂಡಿದ್ದೀನಿ. ಕಳ್ಳಿ ಅನ್ನಿಸಿಕೊಂಡು ಈ ಮನೇಲಿ ಇರಲ್ಲ. ವಾರದ ಕೊನೇಲಿ ಮಗೂನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ವಾಪಸು ಬರೋದು ನಿಮ್ಮ ಮಾತಿನ ಮೇಲಿದೆ." ಸೊಸೆ ಬೆದರಿಕೆ ಹಾಕುವವಳಲ್ಲ. ಹೇಳಿದರೆ ಮಾಡುವವಳು ಎಂಬುದು ಗೇಟಮ್ಮನಿಗೂ ಗೊತ್ತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು. ಗೇಟಮ್ಮ ಮಾತು ಹಿಂದೆಗೆದುಕೊಳ್ಳಲಿಲ್ಲ, ಬದಲಿಗೆ ಸಾಕ್ಷಿ ಹುಡುಕಲು ಹೊರಟಳು. ಕಳುವಾದ ಮಾಲು ಸಾಗಿದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕೆಂಬುದು ಅವಳ ಉದ್ಯೋಗದ ಪಾಠ. ಡಿಸ್ಕುಗಳನ್ನು ಚೀಲಕ್ಕೆ ಹಾಕಿಕೊಂಡು ಟೀವಿ ಅಂಗಡಿಗೆ ಹೋಗಿ ಹಳೆಯ ಯಂತ್ರವನ್ನೇನು ಮಾಡಿದಿರಿ ಎಂದು ಕೇಳಿದಳು. ಹಳೆಯದೆಲ್ಲ ಹಿಂದಿನ ಬೀದಿಯ ನೆಲಮಾಳಿಗೆಗೆ ಹೋಗುತ್ತದೆ, ಅಲ್ಲೊಬ್ಬ ರಿಪೇರಿಯವನಿದ್ದಾನೆ ಎಂದರು.

ಆ ನೆಲಮಾಳಿಗೆ ಸತ್ತ ಪ್ಲೇಯರುಗಳ ಗುಡ್ಡ. ಟೇಪಿನವು ಗೋಡೆಯ ಬುಡಕ್ಕೆ, ಡಿಸ್ಕಿನವು ಅವುಗಳ ಮೇಲೆ, ತೆಳ್ಳಗಿನವು ತುದಿಯಲ್ಲಿ. ಬಂದ ಕ್ರಮದಲ್ಲೇ ಒಂದರ ಮೇಲೊಂದು ಬಿದ್ದಿದ್ದವು. ನಡುವೆ ಟ್ಯೂಬುಲೈಟಿನ ಕೆಳಗೆ ರಿಪೇರಿಯವನು ಬ್ರೆಡ್ಡು ತಿನ್ನುತ್ತ ಕೂತಿದ್ದ. ಹೊಟ್ಟೆ ಬಂದ, ಗಡ್ಡ ಬೋಳಿಸದ, ಲೋಕದ ಮೇಲೆಲ್ಲ ಸಿಟ್ಟಿರುವ ಮನುಷ್ಯ. ಗೇಟಮ್ಮ ಕಣ್ಣಲ್ಲೇ ಗುಡ್ಡ ತಡಕಿದಳು. ಅವನ ಬೆಂಚಿನ ಮೇಲೇ, ಮೇಲ್ಮುಚ್ಚಳ ಬಿಚ್ಚಿಸಿಕೊಂಡು, ಅವಳ ಯಂತ್ರ ಕೂತಿತ್ತು. ಎತ್ತಿ ತಳ ನೋಡಿದಳು, ಕೆಂಪು ಚುಕ್ಕೆ.

"ಇದು ನಮ್ಮನೇದು. ಯಾಕೆ ಬಿಚ್ಚಿದೆ?"

"ಲೆನ್ಸು ತೆಗೆಯೋಕೆ. ಕೊಟ್ಟ ಮೇಲೆ ನಮ್ಮದು ತಾನೇ?"

"ಡಿಸ್ಕು ಒರೆಸಿದಾರೆ. ಒರೆಸಿದ್ದು ಹೌದು ಅಂತ ನೀನು ಹೇಳ್ಬೇಕು. ಇವತ್ತೇ ನನ್ನ ಮಗನ ಮುಂದೆ ಹೇಳ್ಬೇಕು."

ರಿಪೇರಿಯವನು ಕೈ ಒರೆಸಿಕೊಂಡು ಒಂದು ಡಿಸ್ಕನ್ನು ಟ್ಯೂಬುಲೈಟಿಗೆ ಓರೆ ಹಿಡಿದ. ಒಳಗಿನ ಅರ್ಧ ಸ್ವಲ್ಪ ಗಾಢ, ಹೊರಗಿನ ಅರ್ಧ ತಿಳಿ, ನಡುವೆ ಒಂದು ಗೆರೆ. "ಗಾಢ ಇರೋ ಕಡೆ ಬರೆದಿದೆ. ಒರೆಸಿಲ್ಲ. ಈ ಜಾತಿ ಡಿಸ್ಕನ್ನ ಒರೆಸೋಕೇ ಬರಲ್ಲ, ಒಂದು ಸಲ ಸುಟ್ಟರೆ ಸುಟ್ಟಿದ್ದೇ."

ಗೇಟಮ್ಮ ಅವನನ್ನೇ ನೋಡಿದಳು. "ನಮ್ಮ ಸೊಸೆ ನಿನ್ನ ಹತ್ರ ಮೊದಲೇ ಬಂದು ಹೋಗಿದ್ದಾಳಾ?"

"ಯಾರ ಸೊಸೆಯಮ್ಮ?" ರಿಪೇರಿಯವನು ಮೇಲಿನಿಂದ ಕೆಳಗಿನವರೆಗೆ ಅವಳನ್ನು ನೋಡಿದ. ತಾನೇ ಈ ಪೇಟೆಯ ಅತಿದೊಡ್ಡ ಸಂಶಯದವನೆಂದು ಅವನು ಅಲ್ಲಿಯವರೆಗೆ ತಿಳಿದಿದ್ದ. ಹೊಸ ಡಬ್ಬಿಗಳು ಗ್ಯಾರಂಟಿ ಮುಗಿದ ಮಾರನೆಯ ದಿನ ಸಾಯುವಂತೆ ಮಾಡಿರುತ್ತಾರೆ, ಗೋಡೆಯ ಟೀವಿಗಳು ನಮ್ಮನ್ನೇ ನೋಡುತ್ತವೆ ಎಂದೆಲ್ಲ ಗಿರಾಕಿಗಳಿಗೆ ಹೇಳುತ್ತಿದ್ದವನು. ಗೇಟಮ್ಮ ಅದಕ್ಕೆಲ್ಲ ತಲೆದೂಗಿದಳು. ಹೀಗೆ ಇಬ್ಬರಿಗೂ ಸ್ವಲ್ಪ ಸಲಿಗೆಯಾಯಿತು.

ಅವನು ಟ್ರೇಯ ಸಡಿಲಾದ ರಬ್ಬರು ಬೆಲ್ಟು ಬದಲಿಸಿದ, ಲೆನ್ಸನ್ನು ಹತ್ತಿಯಲ್ಲಿ ಒರೆಸಿದ, ಯಂತ್ರವನ್ನು ಒಂದು ಹಳೆಯ ಟೀವಿಗೆ ಸಿಕ್ಕಿಸಿ ಡಿಸ್ಕು ನುಂಗಿಸಿದ. ಅದು ಗರಗರ ಎಂದು ತಿರುಗಿತು. ಚಿತ್ರ ಬರುವ ಮೊದಲೇ ಒಂದು ಕೆಮ್ಮು ಕೇಳಿಸಿತು.

ಗೇಟಮ್ಮ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು. ಅಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕೂತಳು. ಟೀವಿಯಲ್ಲಿ ಮೊಮ್ಮಗಳು ಬಕೆಟ್ಟಿನೊಳಗೆ ಕೂತು ನೀರು ಬಡಿಯುತ್ತಿದ್ದಳು, "ಇಲ್ಲಿ ನೋಡು, ಇಲ್ಲಿ ನೋಡು" ಎನ್ನುತ್ತಿದ್ದ ಗಂಡ.

"ಇದೆಯಲ್ಲಮ್ಮ ಎಲ್ಲಾನೂ," ಎಂದ ರಿಪೇರಿಯವನು. "ಮುಚ್ಚಿಲ್ಲ ಅಷ್ಟೇ. ಮುಚ್ಚದೇ ಇದ್ರೆ ಬರೆದ ಯಂತ್ರದಲ್ಲಿ ಮಾತ್ರ ಓಡುತ್ತೆ, ಬೇರೆಯವಕ್ಕೆ ಖಾಲಿ ಥರಾನೇ ಕಾಣುತ್ತೆ. ಯಾವ ಪುಣ್ಯಾತ್ಮ ಇದನ್ನ ಮುಚ್ಚದೇ ಬಿಟ್ಟಿದ್ದು?"

ಪುಣ್ಯಾತ್ಮ ಯಾರೆಂದು ಗೇಟಮ್ಮ ಹೇಳಲಿಲ್ಲ. ಡಿಸ್ಕುಗಳು ಉಳಿದವೆಂಬ ಸಂತೋಷವೂ ಸೊಸೆ ನಿರಪರಾಧಿ ಎಂಬ ಸಂಕಟವೂ ಒಟ್ಟಿಗೇ ಬಂದವು. ಇಷ್ಟು ವರ್ಷದ ಗೇಟಿನಲ್ಲಿ ತಪ್ಪು ಚೀಲ ಹಿಡಿದದ್ದು ಇಲ್ಲವೆಂದಲ್ಲ. ಹಿಡಿದಾಗಲೆಲ್ಲ "ಸರಿ, ಹೋಗು" ಎಂದು ಕಳಿಸಿದ್ದಳು, ಯಾರಲ್ಲೂ ತಪ್ಪಾಯಿತು ಎಂದಿರಲಿಲ್ಲ. ಈಗ ಅನ್ನಬೇಕು.

"ಲೇಸರಿನ ಕಣ್ಣು ಮಂಜಾಗಿದೆ. ಇವತ್ತೇ ಎಲ್ಲ ಮುಚ್ಚಿಬಿಡೋಣ. ನಾಳೆ ಇದು ಸತ್ತರೆ ಯಾರೂ ಏನೂ ಮಾಡೋಕಾಗಲ್ಲ," ಎಂದ ಅವನು.

"ಮುಚ್ಚು," ಎಂದಳು ಗೇಟಮ್ಮ. "ಆದ್ರೆ ಒಂದೊಂದನ್ನೂ ಹಾಕಿ ತೋರಿಸಿ ಮುಚ್ಚು. ನೋಡದೆ ನಾನು ಯಾವುದನ್ನೂ ಬಿಡೋಳಲ್ಲ."

ಹೀಗೆ ಅವಳು ಮೊದಲ ಸಲ ಆ ಡಿಸ್ಕುಗಳನ್ನು ಸಾಲಾಗಿ ನೋಡಿದಳು. ಮಗನ ಮದುವೆಯಾದ ಹೊಸದು, ಹೊಸ ಪರದೆ ಹಾಕಿದ ದಿನ, ಮೊಮ್ಮಗಳ ಮೊದಲ ಹಲ್ಲು. ಪ್ರತಿ ಚಿತ್ರದ ಹಿಂದೆಯೂ ಎಲ್ಲಿಂದಲೋ ತನ್ನದೇ ದನಿ: ಬಾಗಿಲು ಹಾಕಿದ್ದೀರಾ, ಅದನ್ನ ಇಲ್ಲಿಂದ ಯಾರು ತೆಗೆದ್ರು, ಆ ಚಮಚ ಎಲ್ಲಿ. ರಿಪೇರಿಯವನಿಗೆ ನಗು ತಡೆಯಲಾಗಲಿಲ್ಲ. ಗೇಟಮ್ಮನಿಗೂ ಒಂದು ಸಲ ನಗು ಬಂತು.

ಕೊನೆಯಲ್ಲಿ ಉಳಿದ ಡಿಸ್ಕಿನ ಮೇಲೆ ಗಂಡ "ಬಾಲ್ಕನಿ" ಎಂದು ಬರೆದಿದ್ದ. ಅದರಲ್ಲಿ ಮೊದಲು ಪಾರಿವಾಳಗಳು, ಆಮೇಲೆ ಬರೀ ಒಣಹಾಕಿದ ಬಟ್ಟೆ. ಕ್ಯಾಮೆರಾವನ್ನು ಆರಿಸಲು ಮರೆತು ಕಿಟಕಿಯ ಮೇಲಿಟ್ಟಿದ್ದ ಎಂದು ಕಾಣುತ್ತದೆ. ಬಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಮನುಷ್ಯರಿರಲಿಲ್ಲ. ಒಳಗಿನ ಕೋಣೆಯಿಂದ ಮಾತು ಕೇಳಿಸುತ್ತಿತ್ತು. ಗೇಟಮ್ಮ ತನ್ನ ತಂಗಿಗೆ ಹೇಳುತ್ತಿದ್ದಳು:

"ಬಿತ್ತು ಅಂತಾಳೆ. ಬಿತ್ತೋ ಬೀಳಿಸಿಕೊಂಡಳೋ, ಕಂಡೋರು ಯಾರು? ಆಫೀಸಲ್ಲಿ ಬಡ್ತಿ ಕೊಡ್ತಾರಂತೆ, ಹೊಟ್ಟೆ ಹೊತ್ಕೊಂಡು ಹೋದ್ರೆ ಕೊಡ್ತಾರಾ? ದಿನಾ ಎಷ್ಟು ಹೆಂಗಸರನ್ನ ನೋಡ್ತೀನಿ ನಾನು, ನನಗೆ ಹೇಳ್ಬೇಡ."

"ನಿಲ್ಲಿಸು," ಎಂದಳು ಗೇಟಮ್ಮ. ರಿಪೇರಿಯವನು ನಿಲ್ಲಿಸಿ ಸ್ಕ್ರೂ ಹುಡುಕುವವನಂತೆ ಬೆಂಚಿನ ಕೆಳಗೆ ಬಗ್ಗಿದ.

ಮೊಮ್ಮಗಳು ಹುಟ್ಟುವ ಎರಡು ವರ್ಷ ಮೊದಲಿನ ಮಾತು ಅದು. ಸೊಸೆಯ ಮೊದಲ ಬಸಿರು ನಿಂತಿರಲಿಲ್ಲ. ಆಡಿದ್ದು ಗೇಟಮ್ಮನಿಗೆ ಮರೆತೇಹೋಗಿತ್ತು. ಆಡುವವರಿಗೆ ಮರೆಯುವುದು ಸುಲಭ. ಈಗ ಕೇಳಿಸಿಕೊಂಡಾಗ, ಯಾರೋ ಹೊರಗಿನ ಹೆಂಗಸು ಹೀಗೆಂದಿದ್ದರೆ ತಾನೇ ಅವಳ ಬಾಯಿ ಮುಚ್ಚಿಸುತ್ತಿದ್ದೆ ಅನ್ನಿಸಿತು. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಹೆದರಿಕೆ ಬಂತು. ಈ ಡಿಸ್ಕನ್ನೂ ಮುಚ್ಚಿದರೆ ಇದು ಎಲ್ಲಿಯಾದರೂ ಓಡುತ್ತದೆ. ಸೊಸೆ ಕೇಳಿಸಿಕೊಳ್ಳುತ್ತಾಳೆ, ಮಗ ಕೇಳಿಸಿಕೊಳ್ಳುತ್ತಾನೆ, ನಾಳೆ ಮೊಮ್ಮಗಳೂ. ತಪ್ಪಾಯಿತು ಎಂದು ಹೇಳಿ ಸೊಸೆಯನ್ನು ಉಳಿಸಿಕೊಳ್ಳಲು ಹೊರಟವಳು ಇದನ್ನೂ ಮನೆಗೆ ಒಯ್ಯುವುದೆಂದರೆ ಕೈಯಾರೆ ಬೆಂಕಿ ಇಟ್ಟುಕೊಂಡ ಹಾಗೆ.

"ಇದನ್ನ ಮುರಿದುಬಿಡು," ಎಂದಳು.

"ಆಮೇಲೆ ಮುರಿದು ಎಸೀತೀನಿ, ಬಿಡಿ."

"ಈಗಲೇ. ನನ್ನ ಕಣ್ಣೆದುರಿಗೆ."

ಅವನು ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಮಡಿಚಿದ. ಲಟ್ಟೆಂದಿತು. ಬಿಚ್ಚಿ ತೋರಿಸು ಎಂದಳು, ತೋರಿಸಿದ. ಚೂರುಗಳನ್ನು ಇನ್ನೊಮ್ಮೆ ಮುರಿಸಿದಳು.

ರಿಪೇರಿಯವನು ಹಿಂದಕ್ಕೆ ಕೊಟ್ಟ ಯಂತ್ರವನ್ನೂ ಉಳಿದ ಡಿಸ್ಕುಗಳನ್ನೂ ಹೊತ್ತು ಮೂರು ಅಂತಸ್ತು ಹತ್ತಿ ಬರುವಷ್ಟರಲ್ಲಿ ಅವಳ ಮೊಣಕಾಲು ಸೋತಿತ್ತು. ಬಾಗಿಲ ಬಳಿ ಸೊಸೆಯ ಸೂಟ್‌ಕೇಸು ನಿಂತಿತ್ತು. ಮೊಮ್ಮಗಳನ್ನು ಕರೆದುಕೊಂಡು ಮಗ ಟ್ಯಾಕ್ಸಿ ತರಲು ಹೋಗಿದ್ದ. ಗೇಟಮ್ಮ ಯಂತ್ರವನ್ನು ಮೇಜಿನ ಮೇಲಿಟ್ಟು, ಬೆವರು ಒರೆಸಿಕೊಂಡು, ಗೋಡೆ ನೋಡುತ್ತ ಹೇಳಿದಳು:

"ನೀನು ಅಳಿಸಿಲ್ಲ. ಎಲ್ಲಾ ಇದೆ. ಅವನ್ನ ಮುಚ್ಚಿರ್ಲಿಲ್ಲ, ಅದಕ್ಕೆ ಬೇರೆ ಕಡೆ ಕಾಣ್ಲಿಲ್ಲ."

"ಯಾರು ಮುಚ್ಚಿರ್ಲಿಲ್ಲ?"

"ಅವರು ಮುಚ್ಚೋಣ ಅಂದ್ರು. ನಾನೇ ಬೇಡ ಅಂದೆ." ಡಿಸ್ಕುಗಳ ಚೀಲವನ್ನು ಸೊಸೆಯ ಕಡೆ ಸರಿಸಿದಳು. "ನಿನ್ನನ್ನ ಅನ್ನಬಾರದ್ದು ಅಂದೆ. ತಪ್ಪಾಯ್ತು. ಹೊಟ್ಟೆಗೆ ಹಾಕ್ಕೋ."

ಸೊಸೆ ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಇಂಥ ಮಾತು ಕೇಳಿರಲಿಲ್ಲ. ಅವಳ ಕಣ್ಣು ತುಂಬಿತು. ಕುರ್ಚಿ ಎಳೆದು ಕೂತು ಡಿಸ್ಕುಗಳನ್ನು ಮಡಿಲಿಗೆ ಹಾಕಿಕೊಂಡಳು. ಒಂದೊಂದರ ಮೇಲಿನ ಬರಹವನ್ನೂ ಓದಿದಳು. ಕೊನೆಯದನ್ನು ಓದಿ ಮತ್ತೆ ಮೊದಲಿನಿಂದ ಹುಡುಕಿದಳು.

"ಬಾಲ್ಕನಿ ಎಲ್ಲಿ?"

"ಅದು ಕೆಟ್ಟು ಹೋಗಿತ್ತು."

"ಕೆಟ್ಟಿರ್ಲಿಲ್ಲ. ಟ್ರೇ ಸಿಕ್ಕಿಕೊಳ್ಳೋಕೆ ಮುಂಚೆ ಕೂಡ ನೋಡಿದ್ದೆ. ಅದೊಂದನ್ನ ಉಳಿಸಿಕೊಳ್ಳಬೇಕು ಅಂತಾನೇ ನಾನು ಎಲ್ಲಾನೂ ಆಫೀಸಿಗೆ ಹೊತ್ತುಕೊಂಡು ಹೋಗಿದ್ದು."

ಗೇಟಮ್ಮ ಗೋಡೆ ಬಿಟ್ಟು ಅವಳ ಕಡೆ ತಿರುಗಿದಳು. "ಅದರಲ್ಲಿ ಏನಿತ್ತು ಅಂತ ಗೊತ್ತಾ ನಿನಗೆ?"

"ಪೂರ್ತಿ ಗೊತ್ತು. ಮಾವ ತೀರಿಕೊಂಡ ವರ್ಷ, ನೀವು ಮಲಗಿದ್ದ ಒಂದು ಮಧ್ಯಾಹ್ನ ನಿಮ್ಮ ಬೀಗದ ಕೈ ತಗೊಂಡು ಅವರ ದನಿ ಕೇಳಬೇಕು ಅಂತ ಹಾಕಿದೆ. ನೀವು ಹೇಳಿದ್ದು ಕೇಳಿಸಿಕೊಂಡೆ. ಅಳಿಸೋದೇ ಆಗಿದ್ರೆ ಅತ್ತೆ, ಅವತ್ತೇ ಅದನ್ನ ಮುರಿದು ಹಾಕ್ತಿದ್ದೆ. ನಿಮ್ಮ ಮಾತಿಗೆ ಇಟ್ಟುಕೊಳ್ಳಲಿಲ್ಲ. ನೀವು ಅಂದ ಮೇಲೆ ಮಾವ ಮಾತಾಡಿದ್ರಲ್ಲ, ಅದಕ್ಕೆ. ಈ ಮನೇಲಿ ನನ್ನ ಪರವಾಗಿ ಒಬ್ಬರು ಬಾಯಿ ತೆಗೆದದ್ದು ಅದೊಂದೇ ಸಲ." ಅವಳು ಕೈ ಚಾಚಿದಳು. "ಕೊಡಿ."

ಇನ್ನೊಂದು ಸುಳ್ಳು ಹೇಳಲು ಅವಕಾಶವಿತ್ತು. ರಿಪೇರಿಯವನು ಕಳೆದುಬಿಟ್ಟ ಎನ್ನಬಹುದಿತ್ತು, ಬಸ್ಸಿನಲ್ಲಿ ಬಿತ್ತು ಎನ್ನಬಹುದಿತ್ತು. ಇಂಥ ಸುಳ್ಳುಗಳನ್ನು ಜೀವಮಾನವಿಡೀ ಹಿಡಿದವಳಿಗೆ ಎರಡನೆಯದನ್ನು ಹೇಳಲು ಬರಲಿಲ್ಲ.

"ಮುರಿಸಿದೆ," ಎಂದಳು. "ಈಗ ಬರ್ತಾ. ನಿನಗೆ ಗೊತ್ತಾಗೋದು ಬೇಡ ಅಂತ."

ಸೊಸೆ ಚಾಚಿದ ಕೈಯನ್ನು ಬಹಳ ಹೊತ್ತು ಹಿಂದೆಗೆಯಲಿಲ್ಲ. ಆಮೇಲೆ ಮಡಿಲಿನ ಡಿಸ್ಕುಗಳನ್ನು ಮೇಜಿನ ಮೇಲಿಟ್ಟಳು. 

"ನಾನು ಅಳಿಸಿದೆ ಅಂದ್ರಿ."

 ಕೆಳಗೆ ಟ್ಯಾಕ್ಸಿ ಬಂದು ಹಾರ್ನು ಹೊಡೆಯಿತು. ಸೊಸೆ ಎದ್ದು ಸೂಟ್‌ಕೇಸಿನ ಹಿಡಿ ಹಿಡಿದಳು, ಬಾಗಿಲ ತನಕ ಎಳೆದಳು, ಅಲ್ಲೇ ನಿಂತಳು.

"ನಿಮ್ಮ ತಂಗಿ ತೀರಿಕೊಂಡ್ರು. ಮಾವ ಇಲ್ಲ. ಆವತ್ತು ಆ ಕೋಣೇಲಿ ಇದ್ದೋರಲ್ಲಿ ನೀವೊಬ್ಬರೇ ಈಗ," ಎಂದಳು ತಿರುಗದೆ. "ಹೇಳಿ. ಮಾವ ಏನಂದ್ರು?"

"ಅವರು, ಸಾಕು ನಿಲ್ಲಿಸು ಅಂದ್ರು..."

"ಹಾಗಲ್ಲ. ಮೊದಲಿಂದ. ನಿಮ್ಮ ಮಾತಿಂದ."

ಗೇಟಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಬಿತ್ತು ಅಂತಾಳೆ, ಎಂದು ಶುರುಮಾಡಿದಳು. ಬೀಳಿಸಿಕೊಂಡಳೋ ಎಂಬುದನ್ನೂ ಬಾಯಿಬಿಟ್ಟು ಆಡಿದಳು. ಬಡ್ತಿಯ ಮಾತನ್ನೂ ಬಿಡದೆ ಹೇಳಿದಳು. ಅಂದು ತಂಗಿಯ ಕಿವಿಯಲ್ಲಿ ಸಲೀಸಾಗಿ ಆಡಿದ್ದನ್ನು ಇಂದು ಸೊಸೆಯ ಬೆನ್ನಿಗೆ ಹೇಳುವುದು ಬೆಟ್ಟ ಹತ್ತಿದಷ್ಟು ಕಷ್ಟವಾಯಿತು. ಸೊಸೆ ತಿರುಗಿ ನೋಡಿದಳು, ಹಾಗಾಗಿ ಕೊನೆಯ ಮಾತನ್ನು ಅವಳ ಮುಖಕ್ಕೇ ಹೇಳಬೇಕಾಯಿತು.

"ಆಮೇಲೆ ನಿಮ್ಮ ಮಾವ ಬಂದ್ರು. ಅವರು ದನಿ ಏರಿಸಿದ್ದನ್ನ ನಾನು ಕೇಳಿದ್ದು ಅದೊಂದೇ ಸಲ. 'ಸಾಕು ನಿಲ್ಲಿಸು. ಆ ಹುಡುಗಿ ಮೂರು ದಿನದಿಂದ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದಾಳೆ, ನಮಗೆ ಕೇಳಿಸಬಾರದು ಅಂತ. ನಿನ್ನ ಗೇಟು ಕಾರ್ಖಾನೇಲೇ ಇರ್ಲಿ. ಈ ಮನೆ ಬಾಗಿಲಲ್ಲಿ ನೀನು ಯಾರನ್ನೂ ತಡಕೋ ಹಾಗಿಲ್ಲ.' ಇಷ್ಟೇ ಅಂದಿದ್ದು."

"ಆ ಹುಡುಗಿ ಅನ್ನಲಿಲ್ಲ," ಎಂದಳು ಸೊಸೆ.

 ತಾನಾಡಿದ್ದು ಮರೆತಿದ್ದರೂ ಗಂಡ ಏನಂದಿದ್ದನೆಂದು ಗೇಟಮ್ಮನಿಗೆ ಚೆನ್ನಾಗಿಯೇ ನೆನಪಿತ್ತು. ಆ ಒಂದು ಮಾತಿಗಾಗಿಯೇ ಅವಳು ಆಮೇಲೆ ಎಷ್ಟೋ ದಿನ ಗಂಡನೊಂದಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ.

"ನನ್ನ ಮಗಳು ಅಂದ್ರು," ಎಂದಳು ಕೊನೆಗೆ.

"ಅದನ್ನ ಸೇರಿಸಿ ಹೇಳಿ."

"ನನ್ನ ಮಗಳು," ಎಂದಳು ಗೇಟಮ್ಮ. "ನನ್ನ ಮಗಳು ಮೂರು ದಿನದಿಂದ..." ಅಷ್ಟಕ್ಕೆ ಅವಳಿಗೆ ಅಳು ಬಂದುಬಿಟ್ಟಿತು, ಮುಂದಕ್ಕೆ ಹೋಗಲಾಗಲಿಲ್ಲ.

ಕೆಳಗೆ ಹಾರ್ನು ಮತ್ತೆ ಕೇಳಿಸಿತು. ಸೊಸೆ ಸೂಟ್‌ಕೇಸಿನ ಹಿಡಿ ಬಿಟ್ಟು, ಕುರ್ಚಿಗೆ ಹಿಂದಿರುಗಿ ಅತ್ತೆಯ ಎದುರಿಗೆ ಕೂತಳು.

"ಮುಂದೆ ಹೇಳಿ," ಎಂದಳು.